ದಾಳ ಉರುಳುವ ಮೊದಲು

ಮೇಜಿನ ಸುತ್ತ ಐದು ಜನ ಕುಳಿತಿದ್ದಾರೆ. ನಡುವೆ ಒಂದಿಷ್ಟು ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳಗಳು. ಐವರಲ್ಲಿ ಒಬ್ಬರು ಗೇಮ್ ಮಾಸ್ಟರ್. ಕತೆ ನಡೆಯುವ ಲೋಕವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದು ಅವರ ಕೆಲಸ. ಉಳಿದ ನಾಲ್ವರಿಗೆ ಒಂದೊಂದು ಪಾತ್ರ. "ಕೋಟೆ ಗೋಡೆ ಮೂವತ್ತು ಅಡಿ ಎತ್ತರ ಇದೆ. ಮಳೆ ಬಂದು ಕಲ್ಲು ಜಾರ್ತಾ ಇದೆ. ಮೇಲೆ ಕಾವಲುಗಾರನ ಪಂಜು ಕಾಣುತ್ತೆ" ಎನ್ನುತ್ತಾರೆ ಗೇಮ್ ಮಾಸ್ಟರ್. "ನಾನು ಹತ್ತುತ್ತೀನಿ" ಎನ್ನುತ್ತಾಳೆ ಒಬ್ಬ ಆಟಗಾರ್ತಿ. ಅವಳು ಹತ್ತಿದಳೇ, ಬಿದ್ದಳೇ? ಇದನ್ನು ತೀರ್ಮಾನಿಸುವ ಬಗೆಯೇ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಜೀವಾಳ. ಒಂದೊಂದು ಆಟ ಇದಕ್ಕೆ ಒಂದೊಂದು ಉತ್ತರ ಕಂಡುಕೊಂಡಿದೆ.

ಹೊರಗಿನಿಂದ ನೋಡುವವರಿಗೆ ಎಲ್ಲವನ್ನೂ ದಾಳವೇ ನಿರ್ಧರಿಸುತ್ತದೆ ಎನಿಸುತ್ತದೆ. ಆದರೆ ದಾಳ ಕೈಬಿಡುವ ಹೊತ್ತಿಗೆ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಯಾವ ದಾಳ, ಎಷ್ಟು ದಾಳ, ಎಷ್ಟು ಬಂದರೆ ಗೆಲುವು, ಸೋತರೆ ಏನಾಗುತ್ತದೆ, ಒಟ್ಟು ಎಷ್ಟು ಸಲ ಹಾಕಬೇಕು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ಆಟದ ರುಚಿ ಇರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಆಡುವವರಿಗೂ ಆಡಿಸುವವರಿಗೂ ಲಾಭ.

ಈ ಪದ್ಧತಿಯ ಬೇರು ಯುದ್ಧದ ಅಭ್ಯಾಸದಲ್ಲಿದೆ. ಪ್ರಷ್ಯಾದ ಸೇನೆಯಲ್ಲಿ ಅಧಿಕಾರಿಗಳಿಗೆ ತರಬೇತಿ ಕೊಡಲು ಕ್ರೀಗ್‌ಸ್ಪೀಲ್ ಎಂಬ ಆಟ ಬಳಕೆಯಲ್ಲಿತ್ತು. ರೈಸ್‌ವಿಟ್ಸ್ ಎಂಬ ತಂದೆ ಅದನ್ನು ಶುರು ಮಾಡಿದರೆ, ಮಗ 1824ರಲ್ಲಿ ಪಕ್ವ ರೂಪಕ್ಕೆ ತಂದ. ಆಜ್ಞೆ ಕೊಡುವವರು ಅಧಿಕಾರಿಗಳು. ಅದರಿಂದ ಆದ ಹಾನಿ ಎಷ್ಟು ಎಂದು ದಾಳ ಮತ್ತು ಕೋಷ್ಟಕ ನೋಡಿ ಹೇಳುವವನು ನಡುವೆ ನಿಂತ ತೀರ್ಪುಗಾರ. 1876ರಲ್ಲಿ ಫೆರ್ಡಿ ದ್ಯು ವೆರ್ನ್ವಾ ಎಂಬ ಅಧಿಕಾರಿ ಈ ಕೋಷ್ಟಕಗಳ ಹೊರೆಯೇ ಬೇಡ, ಅನುಭವಿ ತೀರ್ಪುಗಾರನ ವಿವೇಚನೆ ಸಾಕು ಎಂದು ವಾದಿಸಿದ. ನಿಯಮ ಹೆಚ್ಚಿರಬೇಕೋ ವಿವೇಚನೆ ಹೆಚ್ಚಿರಬೇಕೋ ಎಂಬ ಆ ಜಗಳ ಇಂದಿಗೂ ಮುಗಿದಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ 1969ರಲ್ಲಿ ಡೇವಿಡ್ ವೆಸ್ಲಿ ನಡೆಸಿದ ಬ್ರೌನ್‌ಸ್ಟೈನ್ ಆಟದಲ್ಲಿ ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಸಿಕ್ಕಿತು. ಅದೇ ಬಳಗದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದರು. ಆಡುವವರ ಬಾಯಲ್ಲಿ ಅದು ಡಿ ಅಂಡ್ ಡಿ.

ಆರು ಮುಖದ ದಾಳದ ಜೊತೆಗೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳಗಳನ್ನು ಮನೆಮನೆಗೆ ತಂದದ್ದು ಈ ಆಟವೇ. ಹತ್ತು ಮುಖದ್ದು ಆಮೇಲೆ ಬಂತು. ಆರಂಭದ ಇಪ್ಪತ್ತು ಮುಖದ ದಾಳಗಳ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೇ ಎರಡೆರಡು ಸಲ ಇರುತ್ತಿದ್ದವು. ಇಪ್ಪತ್ತು ಮುಖದ ದಾಳವನ್ನು ಆಟಗಾರರು ಡಿ20 ಎಂದೂ ಆರು ಮುಖದ್ದನ್ನು ಡಿ6 ಎಂದೂ ಕರೆಯುತ್ತಾರೆ. ಎರಡು ಆರು ಮುಖದ ದಾಳ ಒಟ್ಟಿಗೆ ಹಾಕಿ ಕೂಡಿಸುವುದಾದರೆ 2ಡಿ6.

ಈಗ ಗೋಡೆಯ ಬುಡಕ್ಕೆ ಮರಳೋಣ. ಡಿ ಅಂಡ್ ಡಿಯ 2014ರ ಐದನೇ ಆವೃತ್ತಿಯ ಪ್ರಕಾರ ಲೆಕ್ಕ ಹೀಗೆ ಸಾಗುತ್ತದೆ. ಹತ್ತುವ ಪಾತ್ರದ ಬಲ 16 ಎಂದುಕೊಳ್ಳಿ. 10 ಅಥವಾ 11 ಇದ್ದರೆ ಸಾಮಾನ್ಯ ಮನುಷ್ಯನ ಮಟ್ಟ. ಅಲ್ಲಿಂದ ಮೇಲೆ ಎರಡೆರಡು ಅಂಕಕ್ಕೆ ಒಂದೊಂದು ಸೇರುತ್ತಾ ಹೋಗುತ್ತದೆ, ಹಾಗಾಗಿ 16ಕ್ಕೆ +3. ಅವಳು ಹತ್ತುವುದು, ನೆಗೆಯುವುದು, ಈಜುವುದು ಕಲಿತವಳಾದ್ದರಿಂದ ಮೊದಲ ಹಂತದಲ್ಲಿ ಇನ್ನೂ +2. ಒಟ್ಟು +5. ಈ ಅಂಕಿಗಳು ಅವಳ ಪಾತ್ರದ ಹಾಳೆಯಲ್ಲಿ ಮೊದಲೇ ಬರೆದಿರುತ್ತವೆ. ಗೇಮ್ ಮಾಸ್ಟರ್ ಹೇಳಬೇಕಾದದ್ದು ಗೋಡೆಯ ಕಷ್ಟವನ್ನು ಮಾತ್ರ. ನಿಯಮ ಪುಸ್ತಕ ಅದಕ್ಕೊಂದು ಅಳತೆಗೋಲು ಕೊಟ್ಟಿದೆ: ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20, ಹೆಚ್ಚುಕಡಿಮೆ ಅಸಾಧ್ಯವಾದದ್ದಕ್ಕೆ 30. ಜಾರುವ ಗೋಡೆಗೆ 15 ಎಂದರು ಅನ್ನಿ. ಆಟಗಾರ್ತಿ ಡಿ20 ಉರುಳಿಸಿ, ಬಂದ ಅಂಕಿಗೆ 5 ಕೂಡಿಸುತ್ತಾಳೆ. 15 ಮುಟ್ಟಿದರೆ ಅಥವಾ ದಾಟಿದರೆ ಹತ್ತಿದಂತೆ. ಅಂದರೆ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ ಹನ್ನೊಂದು ಮುಖ ಅವಳ ಪರ, ಗೆಲುವಿನ ಅವಕಾಶ ಶೇ. 55.

ಡಿ20ಯ ಗುಣವೆಂದರೆ ಅದರ ಪ್ರತಿ ಮುಖಕ್ಕೂ ಸಮಾನ ಅವಕಾಶ. ಒಂದು ಅಂಕ ಹೆಚ್ಚಾದರೆ ಗೆಲುವಿನ ಅವಕಾಶ ಶೇ. 5 ಏರುತ್ತದೆ, ಒಂದು ಕಡಿಮೆಯಾದರೆ ಅಷ್ಟೇ ಇಳಿಯುತ್ತದೆ. ಲೆಕ್ಕ ಬಾಯಲ್ಲೇ ಹಾಕಬಹುದು, ಅದು ಇದರ ದೊಡ್ಡ ಅನುಕೂಲ. ದೋಷವೂ ಇಲ್ಲೇ ಇದೆ. 1 ಬೀಳುವುದಕ್ಕೂ 20 ಬೀಳುವುದಕ್ಕೂ ನಡುವಿನ 10 ಬೀಳುವುದಕ್ಕೂ ಒಂದೇ ಅವಕಾಶ ಆಗಿರುವುದರಿಂದ ನುರಿತ ಯೋಧ ಮುಗ್ಗರಿಸುವುದು, ಏನೂ ಕಲಿಯದವನು ಗೆದ್ದುಬಿಡುವುದು ಈ ಆಟದಲ್ಲಿ ಪದೇಪದೇ ಆಗುತ್ತದೆ. ಸಾಹಸದ ಕತೆಗೆ ಆ ಏರಿಳಿತ ಒಪ್ಪುತ್ತದೆ.

ಐದನೇ ಆವೃತ್ತಿಯ ಒಂದು ಚಿಕ್ಕ ನಿಯಮ ನನಗೆ ಬಹಳ ಇಷ್ಟ. ಪರಿಸ್ಥಿತಿ ಅನುಕೂಲವಾಗಿದ್ದರೆ ಒಂದರ ಬದಲು ಎರಡು ಡಿ20 ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬೇಕು, ಪ್ರತಿಕೂಲವಾಗಿದ್ದರೆ ಎರಡು ಹಾಕಿ ಚಿಕ್ಕದನ್ನು. ಗೋಡೆಗೆ ಹಗ್ಗ ಕಟ್ಟಿದ್ದರೆ ಮೊದಲಿನದು, ಭುಜಕ್ಕೆ ಬಾಣ ನಾಟಿದ್ದರೆ ಎರಡನೆಯದು. ನಮ್ಮ ಶೇ. 55 ಅನುಕೂಲದಲ್ಲಿ ಸುಮಾರು ಶೇ. 80ಕ್ಕೆ ಏರುತ್ತದೆ, ಪ್ರತಿಕೂಲದಲ್ಲಿ ಸುಮಾರು ಶೇ. 30ಕ್ಕೆ ಇಳಿಯುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಕತ್ತಲೆಗೆ ಇಷ್ಟು ಕಳೆಯಿರಿ, ಎತ್ತರಕ್ಕೆ ಅಷ್ಟು ಕೂಡಿಸಿ ಎಂದು ಸಣ್ಣಪುಟ್ಟ ಲೆಕ್ಕದಲ್ಲಿ ಕಾಲ ಹೋಗುತ್ತಿತ್ತು. ಇಲ್ಲಿ ಇನ್ನೊಂದು ದಾಳ ಕೈಗೆತ್ತಿಕೊಂಡರೆ ಮುಗಿಯಿತು. ಅದರ ಲಾಭ ಎಲ್ಲೆಡೆ ಒಂದೇ ಸಮನಲ್ಲ ಎಂಬುದನ್ನು ಗಮನಿಸಿ. ಗೆಲುವಿಗೆ 11 ಬೇಕಿದ್ದಾಗ ಶೇ. 50 ಇದ್ದದ್ದು ಶೇ. 75 ಆಗುತ್ತದೆ. ಇಪ್ಪತ್ತೇ ಬೀಳಬೇಕು ಎಂಬ ಸ್ಥಿತಿಯಲ್ಲಿ ಶೇ. 5 ಇದ್ದದ್ದು ಶೇ. 10ರ ಹತ್ತಿರ ಬರುತ್ತದೆ, ಅಷ್ಟೇ.

ಕತ್ತಿ ಬೀಸುವುದಕ್ಕೂ ಇದೇ ಲೆಕ್ಕ. ಎದುರಾಳಿಯ ರಕ್ಷಾಕವಚವೇ ಮುಟ್ಟಬೇಕಾದ ಅಂಕಿ. ಸರಪಳಿ ಕವಚ ತೊಟ್ಟವನಿಗೆ 16. ಏಟು ತಗುಲಿತೇ ಎಂದು ಡಿ20 ಹೇಳಿದ ಮೇಲೆ, ಎಷ್ಟು ಗಾಯವಾಯಿತು ಎಂದು ಬೇರೆ ದಾಳ ಹೇಳುತ್ತದೆ. ಉದ್ದ ಕತ್ತಿಗೆ ಎಂಟು ಮುಖದ ದಾಳ, ಅದರ ಮೇಲೆ ಬಲದ ಅಂಕ. ದಾಳಿಯಲ್ಲಿ ನೇರ 20 ಬಿದ್ದರೆ ಗಾಯದ ದಾಳಗಳು ಎರಡರಷ್ಟು, 1 ಬಿದ್ದರೆ ಏಟು ತಪ್ಪಿದಂತೆಯೇ. ಗೋಡೆ ಹತ್ತುವಂಥ ಪರೀಕ್ಷೆಗಳಿಗೆ ಈ 20ರ ನಿಯಮ ಅನ್ವಯಿಸುವುದಿಲ್ಲ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟದಲ್ಲಿ ಮಾತ್ರ ಅಂಥ ಪರೀಕ್ಷೆಗಳಲ್ಲೂ 20 ಬಿದ್ದರೆ ಗೆಲುವು ಖಚಿತ. ಅಲ್ಲಿಂದ ಮೇಜಿಗೆ ಬಂದವರಲ್ಲಿ ಈ ಗೊಂದಲ ಸಹಜ, ಆಟ ಶುರುವಾಗುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಒಂದು ದಾಳದ ಬದಲು ಎರಡೋ ಮೂರೋ ಹಾಕಿ ಕೂಡಿಸಿದರೆ ಚಿತ್ರವೇ ಬದಲಾಗುತ್ತದೆ. ಚೌಕಾಬಾರ ಆಡಿದವರಿಗೆ ಇದು ಕೈಗೆ ಅಭ್ಯಾಸವಾದ ಸಂಗತಿ. ನಾಲ್ಕು ಕವಡೆ ಎಸೆದಾಗ ಎರಡು ಅಂಗಾತ ಎರಡು ಬೋರಲು ಬೀಳುವುದು ಸಾಮಾನ್ಯ, ನಾಲ್ಕೂ ಒಂದೇ ಬದಿಗೆ ಬೀಳುವುದು ಅಪರೂಪ. ಚೌಕ ಅಥವಾ ಬಾರದ ಗರ ಬಿದ್ದಾಗ ಕೂಗು ಏಳುವುದು ಅದಕ್ಕೇ. ಕವಡೆಯ ಎರಡೂ ಬದಿಗೆ ಸಮಾನ ಅವಕಾಶ ಎಂದಿಟ್ಟುಕೊಂಡರೆ ಹದಿನಾರರಲ್ಲಿ ಆರು ಸಲ ಎರಡು-ಎರಡು, ಒಂದೊಂದೇ ಸಲ ಚೌಕ ಮತ್ತು ಬಾರ. 2ಡಿ6ರಲ್ಲೂ ಹೀಗೆಯೇ ನಡುವಿನ ಮೊತ್ತಕ್ಕೆ ದಾರಿಗಳು ಹೆಚ್ಚು. ಒಟ್ಟು 36 ಬಗೆಯಲ್ಲಿ 7 ಬರುವುದು ಆರು ಬಗೆಯಲ್ಲಿ, 2 ಮತ್ತು 12 ಬರುವುದು ಒಂದೊಂದೇ ಬಗೆಯಲ್ಲಿ.

ಇದರ ಪರಿಣಾಮ ಏನೆಂದರೆ ಒಂದು ಅಂಕದ ಬೆಲೆ ನೀವು ನಿಂತಿರುವ ಜಾಗದ ಮೇಲೆ ಅವಲಂಬಿಸುತ್ತದೆ. 7 ಅಥವಾ ಹೆಚ್ಚು ಬೇಕಿದ್ದಾಗ ಅವಕಾಶ ಸುಮಾರು ಶೇ. 58. ಒಂದು ಅಂಕ ಕೂಡಿದರೆ ಅದು ಶೇ. 72. ಅದೇ, 12ನ್ನೇ ಹಾಕಬೇಕಾದ ಸ್ಥಿತಿಯಲ್ಲಿ ಶೇ. 3ಕ್ಕೂ ಕಡಿಮೆ ಇದ್ದದ್ದು ಒಂದು ಅಂಕದ ಸಹಾಯದಿಂದ ಶೇ. 8 ದಾಟುತ್ತದೆ. 1977ರ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟ 2ಡಿ6ರಲ್ಲಿ 8 ಎಂಬ ಗುರಿ ಇಟ್ಟಿತು. ಸ್ಟೀವ್ ಜಾಕ್ಸನ್ ಅವರ ಗರ್ಪ್ಸ್ 1986ರಲ್ಲಿ ಮೂರು ದಾಳ ಹಿಡಿಯಿತು. ಅಲ್ಲಿ ಕೌಶಲದ ಅಂಕಿಗಿಂತ ಹೆಚ್ಚಾಗದಂತೆ ಗರ ಬೀಳಬೇಕು. ಕೌಶಲ 10 ಇದ್ದವನಿಗೆ ಶೇ. 50, 12 ಇದ್ದವನಿಗೆ ಶೇ. 74, 14 ಇದ್ದವನಿಗೆ ಶೇ. 91, 16 ಇದ್ದವನಿಗೆ ಶೇ. 98. ಕಲಿಕೆಯ ಆರಂಭದಲ್ಲಿ ದೊಡ್ಡ ಜಿಗಿತ, ಪಳಗಿದ ಮೇಲೆ ಸಣ್ಣ ಸಣ್ಣ ಹೆಜ್ಜೆ. ಪರಿಣತರು ಪರಿಣತರಂತೆ ನಡೆದುಕೊಳ್ಳಬೇಕು ಎಂದು ಬಯಸುವ ಗುಂಪಿಗೆ ಡಿ20ಗಿಂತ ಇದು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಂಕಗಣಿತದ ಭಯ ಇರುವವರಿಗೆ ಅತ್ಯಂತ ಸ್ಪಷ್ಟವಾದದ್ದು ಶೇಕಡಾ ಪದ್ಧತಿ. ಸ್ಯಾಂಡಿ ಪೀಟರ್ಸನ್ 1981ರಲ್ಲಿ ರೂಪಿಸಿದ ಕಾಲ್ ಆಫ್ ಕಥುಲು ಎಂಬ ಭಯದ ಆಟದಲ್ಲಿ ಪಾತ್ರದ ಹಾಳೆಯ ಮೇಲೆ 'ಗ್ರಂಥಾಲಯ ಬಳಕೆ 60' ಎಂದು ಬರೆದಿದ್ದರೆ, ಗೆಲ್ಲುವ ಅವಕಾಶವೂ ನೂರಕ್ಕೆ 60. ಎರಡು ಹತ್ತು ಮುಖದ ದಾಳ ಹಾಕಿ, ಒಂದನ್ನು ಹತ್ತರ ಸ್ಥಾನವಾಗಿ, ಇನ್ನೊಂದನ್ನು ಬಿಡಿಯಾಗಿ ಓದಬೇಕು. 60 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪುಸ್ತಕ ಸಿಕ್ಕಿತು. ಏಳನೇ ಆವೃತ್ತಿಯಲ್ಲಿ ಕಷ್ಟದ ಕೆಲಸಕ್ಕೆ ಇದರ ಅರ್ಧ, ಅಂದರೆ 30, ಅತಿ ಕಷ್ಟಕ್ಕೆ ಐದನೇ ಒಂದು ಭಾಗ, ಅಂದರೆ 12. ಸೋತವರು ಇನ್ನೊಮ್ಮೆ ಹಾಕಬಹುದು, ಆದರೆ ಈ ಸಲ ಬೇರೇನು ಮಾಡುತ್ತೇನೆ ಎಂದು ಹೇಳಬೇಕು, ಮತ್ತೆ ಸೋತರೆ ಬರುವ ಕೇಡು ಮೊದಲಿಗಿಂತ ದೊಡ್ಡದು ಎಂದು ಒಪ್ಪಬೇಕು. ಕಲಿಕೆಯ ನಿಯಮವಂತೂ ಬಲು ಚೆಂದ. ಗೆದ್ದ ಕೌಶಲಕ್ಕೆ ಹಾಳೆಯಲ್ಲಿ ಒಂದು ಗುರುತು ಹಾಕಿಕೊಂಡು, ಕೊನೆಗೆ ಮತ್ತೆ ದಾಳ ಹಾಕಬೇಕು. ಈ ಬಾರಿ ಕೌಶಲದ ಅಂಕಿಗಿಂತ ಹೆಚ್ಚು ಬಿದ್ದರೆ ಮಾತ್ರ ಅದು ಬೆಳೆಯುತ್ತದೆ. ಹೀಗಾಗಿ ಕಡಿಮೆ ಬಲ್ಲವನು ಬೇಗ ಕಲಿಯುತ್ತಾನೆ, ಹೆಚ್ಚು ಬಲ್ಲವನು ನಿಧಾನಕ್ಕೆ.

ಇನ್ನು ಕೆಲವು ಆಟಗಳು ದಾಳದ ಮೊತ್ತವನ್ನೇ ಕೈಬಿಟ್ಟು ದಾಳಗಳ ರಾಶಿ ಹಿಡಿದವು. 1991ರ ವ್ಯಾಂಪೈರ್: ದಿ ಮಾಸ್ಕರೇಡ್ ಇದರಲ್ಲಿ ಹೆಸರುವಾಸಿ. ಸಾಮರ್ಥ್ಯ, ಕೌಶಲ ಸೇರಿ ಆರು ಆದರೆ ಹತ್ತು ಮುಖದ ಆರು ದಾಳ. ಅದರ 2018ರ ಆವೃತ್ತಿಯಲ್ಲಿ 6 ಅಥವಾ ಹೆಚ್ಚು ತೋರಿದ ಒಂದೊಂದು ದಾಳವೂ ಒಂದೊಂದು ಗೆಲುವು, ಅಂದರೆ ಸರಾಸರಿ ಅರ್ಧದಷ್ಟು. ಕೈತುಂಬ ದಾಳ ಹಿಡಿದಾಗ ಪಾತ್ರದ ಶಕ್ತಿ ಕೈಗೇ ತಾಗುತ್ತದೆ, ಆದರೆ ನಿಖರ ಅವಕಾಶವನ್ನು ಮನಸ್ಸಲ್ಲೇ ಲೆಕ್ಕ ಹಾಕುವುದು ಕಷ್ಟ.

ಇಲ್ಲಿಯವರೆಗಿನವು ಹೆಚ್ಚಾಗಿ 'ಆಯಿತು' ಅಥವಾ 'ಆಗಲಿಲ್ಲ' ಎಂಬ ಎರಡು ಉತ್ತರದ ಸುತ್ತಲೇ ಸುತ್ತುತ್ತವೆ. ನನ್ನ ದೃಷ್ಟಿಯಲ್ಲಿ ಕಳೆದ ಎರಡು ದಶಕಗಳ ಅತಿ ಮುಖ್ಯ ಬದಲಾವಣೆ ಮೂರನೆಯ ಉತ್ತರ. ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ 2010ರಲ್ಲಿ ತಂದ ಅಪಾಕಲಿಪ್ಸ್ ವರ್ಲ್ಡ್‌ನಲ್ಲಿ 2ಡಿ6 ಹಾಕಿ ಪಾತ್ರದ ಅಂಕ ಕೂಡಿಸುತ್ತಾರೆ. 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಪೂರ್ತಿ ಆಗುತ್ತದೆ. 7ರಿಂದ 9 ಬಂದರೆ ಆಗುತ್ತದೆ, ಆದರೆ ಏನಾದರೂ ತೆರಬೇಕು. 6 ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್ ಹೊಸ ಸಂಕಟ ತರುತ್ತಾರೆ. ಪಾತ್ರಕ್ಕೆ +1 ಇದ್ದರೆ ಪೂರ್ಣ ಗೆಲುವಿಗೆ ಸುಮಾರು ಶೇ. 28, ಸೋಲಿಗೂ ಅಷ್ಟೇ, ನಡುವಿನದಕ್ಕೆ ಶೇ. 44. ಅಂದರೆ ಅತಿ ಹೆಚ್ಚು ಬೀಳುವುದು ನಡುವಿನ ಉತ್ತರವೇ. ನಮ್ಮ ಗೋಡೆಗೆ ಇದನ್ನು ಹಚ್ಚಿ ನೋಡಿ: ಅವಳು ಮೇಲೆ ತಲುಪಿದಳು, ಆದರೆ ಸೊಂಟದ ಚೂರಿ ಜಾರಿ ಅಂಗಳದ ಕಲ್ಲಿನ ಮೇಲೆ ಠಣ್ ಎಂದು ಬಿತ್ತು. ಪಂಜು ಈಗ ಅವಳ ಕಡೆಗೇ ಬರುತ್ತಿದೆ. ಕತೆ ನಿಲ್ಲಲಿಲ್ಲ, ಬಿಗಿಯಾಯಿತು.

ಜಾನ್ ಹಾರ್ಪರ್ ಅವರ 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆರು ಮುಖದ ಕೆಲವು ದಾಳ ಹಾಕಿ ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ನೋಡುವುದು. 6 ಬಂದರೆ ಪೂರ್ಣ ಗೆಲುವು, 4 ಅಥವಾ 5 ಬಂದರೆ ಬೆಲೆ ತೆತ್ತು ಗೆಲುವು, 3 ಅಥವಾ ಕಡಿಮೆ ಬಂದರೆ ಕೇಡು. ಎರಡು ದಾಳ ಇದ್ದಾಗ ಇವುಗಳ ಪಾಲು ಕ್ರಮವಾಗಿ ಸುಮಾರು ಶೇ. 31, 44, 25. ದಾಳ ಹಾಕುವ ಮೊದಲು ಗೇಮ್ ಮಾಸ್ಟರ್ ಎರಡು ವಿಷಯ ಬಾಯಿಬಿಟ್ಟು ಹೇಳಲೇಬೇಕು: ಅಪಾಯ ಎಷ್ಟು, ಗೆದ್ದರೆ ಎಷ್ಟು ಸಾಧಿಸಿದಂತಾಗುತ್ತದೆ. ಅದನ್ನು ಕೇಳಿ ಆಟಗಾರ "ಹಾಗಾದ್ರೆ ಬೇಡ, ಬಾಗಿಲ ಕಡೆ ಹೋಗ್ತೀನಿ" ಎನ್ನಬಹುದು. ಮೇಜಿನ ಮೇಲಿನ ಅರ್ಧ ಜಗಳಗಳನ್ನು ಈ ಒಂದು ಮಾತುಕತೆ ತಪ್ಪಿಸುತ್ತದೆ. ಬೇರೆ ಯಾವ ಆಟ ಆಡಿಸುವವರೂ ಇದನ್ನು ಎರವಲು ತರಬಹುದು.

ಎಷ್ಟು ಸಲ ದಾಳ ಹಾಕಿಸುತ್ತೀರಿ ಎಂಬುದು ಹೊಸಬರ ಗಮನಕ್ಕೆ ಬಾರದ ದೊಡ್ಡ ಅಧಿಕಾರ. ಬೀಗ ತೆಗೆಯುವ ಅವಕಾಶ ಬರೀ ಶೇ. 30 ಎನ್ನಿ. ಸೋತಾಗಲೆಲ್ಲ ಮತ್ತೆ ಪ್ರಯತ್ನಿಸಲು ಬಿಟ್ಟರೆ ಐದು ಸಲದೊಳಗೆ ಅದು ತೆರೆಯುವ ಅವಕಾಶ ಶೇ. 83. ಬೀಗ ಕಷ್ಟದ್ದು ಎಂದು ನೀವು ಅಂದುಕೊಂಡದ್ದಕ್ಕೆ ಅರ್ಥವೇ ಉಳಿಯಲಿಲ್ಲ. ತಿರುಗಿಸಿ ನೋಡಿ: ಸದ್ದಿಲ್ಲದೆ ನಡೆಯುವ ಅವಕಾಶ ಶೇ. 70 ಇರುವ ಕಳ್ಳ ಐದು ಕಾವಲುಗಾರರನ್ನು ದಾಟಬೇಕು, ಒಬ್ಬೊಬ್ಬನಿಗೂ ಒಂದೊಂದು ಸಲ ದಾಳ. ಐದೂ ಗೆಲ್ಲುವ ಅವಕಾಶ ಶೇ. 17. ಪಾತ್ರದ ಹಾಳೆಯಲ್ಲಿ ನುರಿತವನು, ಮೇಜಿನ ಮೇಲೆ ಪ್ರತಿ ಸಲವೂ ಸಿಕ್ಕಿಬೀಳುವವನು. ಗೇಮ್ ಮಾಸ್ಟರ್‌ಗೆ ಅನ್ಯಾಯ ಮಾಡುವ ಉದ್ದೇಶವೇ ಇರುವುದಿಲ್ಲ, ಆದರೂ ಅನ್ಯಾಯ ಆಗಿಬಿಡುತ್ತದೆ.

ಇದಕ್ಕೆ ಮದ್ದುಗಳಿವೆ. ಲ್ಯೂಕ್ ಕ್ರೇನ್ ಅವರ ಬರ್ನಿಂಗ್ ವೀಲ್ ಆಟದ ನಿಯಮದಂತೆ ಒಂದು ಉದ್ದೇಶಕ್ಕೆ ಒಂದೇ ದಾಳ, ಪರಿಸ್ಥಿತಿ ನಿಜವಾಗಿಯೂ ಬದಲಾಗುವವರೆಗೆ ಆ ಫಲವೇ ಖಾಯಂ. ಕೋಟೆಯೊಳಗೆ ನುಸುಳುವುದು ಉದ್ದೇಶವಾದರೆ ಐವರು ಕಾವಲುಗಾರರಿಗೂ ಸೇರಿ ಒಂದೇ ಸಲ. ಡಿ ಅಂಡ್ ಡಿಯಲ್ಲಿ ಗುಂಪಿನ ಪರೀಕ್ಷೆ ಎಂಬ ನಿಯಮ ಇದೆ: ಎಲ್ಲರೂ ದಾಳ ಹಾಕಲಿ, ಅರ್ಧದಷ್ಟು ಜನ ಗೆದ್ದರೆ ಗುಂಪೇ ಗೆದ್ದಂತೆ. ಒಬ್ಬೊಬ್ಬರಿಗೂ ಶೇ. 60 ಅವಕಾಶ ಇರುವ ನಾಲ್ವರು ಒಬ್ಬರೂ ತಪ್ಪದೆ ಗೆಲ್ಲಬೇಕೆಂದರೆ ಶೇ. 13, ಇಬ್ಬರು ಗೆದ್ದರೆ ಸಾಕು ಎಂದರೆ ಶೇ. 82. ನಿಯಮ ಪುಸ್ತಕದ ಮೂಲೆಯಲ್ಲಿರುವ ಈ ಸಾಲನ್ನು ಬಹಳ ಮಂದಿ ಓದದೆ ದಾಟುತ್ತಾರೆ. ನಾಲ್ವರು ಒಟ್ಟಿಗೆ ಬಚ್ಚಿಟ್ಟುಕೊಳ್ಳುವ ದೃಶ್ಯ ಬಂದಾಗಲಾದರೂ ಇದನ್ನು ನೆನಪಿಡಿ.

ಕೆಲವು ಕಡೆ ದಾಳವೇ ಬೇಡ. ಕೊಲೆ ರಹಸ್ಯದ ಆಟದಲ್ಲಿ ಮುಖ್ಯ ಸುಳಿವು ಹುಡುಕಲು ದಾಳ ಹಾಕಿಸಿ, ಎಲ್ಲರೂ ಸೋತರೆ ಕತೆ ಅಲ್ಲೇ ಕುಸಿಯುತ್ತದೆ. ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿ ಈ ಕುಂದನ್ನು ಸರಿಪಡಿಸಿತು: ಸರಿಯಾದ ಜಾಗದಲ್ಲಿ, ಸರಿಯಾದ ಕೌಶಲ ಇರುವವರು ಹುಡುಕಿದರೆ ಸುಳಿವು ಸಿಗಲೇಬೇಕು. ಆ ಸುಳಿವಿನ ಅರ್ಥ ಬಿಡಿಸುವುದು ಆಟಗಾರರ ತಲೆಗೆ ಬಿಟ್ಟದ್ದು. ಕೆನೆತ್ ಹೈಟ್ 2008ರಲ್ಲಿ ಇದೇ ಪದ್ಧತಿಯಲ್ಲಿ ಟ್ರೇಲ್ ಆಫ್ ಕಥುಲು ಬರೆದರು. ಎರಿಕ್ ವುಜ್ಸಿಕ್ ಅವರ ಆಂಬರ್ ಎಂಬ ಆಟವಂತೂ 1991ರಲ್ಲೇ ದಾಳವನ್ನು ಪೂರ್ತಿ ತೆಗೆದುಹಾಕಿತು. ಯಾರ ಅಂಕ ಹೆಚ್ಚೋ ಅವರು ಗೆಲ್ಲುತ್ತಾರೆ, ಹಾಗಾಗಿ ಕಡಿಮೆ ಇದ್ದವರು ನೇರ ಹೋರಾಟ ತಪ್ಪಿಸಿ ಉಪಾಯ ಹುಡುಕಬೇಕು.

ಹಾಗಿದ್ದರೆ ದಾಳ ಇರುವುದಾದರೂ ಏಕೆ? ಮುಂದೇನು ಎಂಬುದು ಗೇಮ್ ಮಾಸ್ಟರ್‌ಗೂ ಗೊತ್ತಿರಬಾರದು, ಅದಕ್ಕೆ. ಅವರು ಹೇಳಿದ್ದೇ ಆಗುವುದಾದರೆ ಉಳಿದವರು ಬರೀ ಕೇಳುಗರು. ಇದೇ ಕಾರಣಕ್ಕೆ, ಪರದೆಯ ಹಿಂದೆ ದಾಳ ಹಾಕಿ ಇಷ್ಟವಾಗದ ಫಲವನ್ನು ಗುಟ್ಟಾಗಿ ಬದಲಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಪಾತ್ರ ಸಾಯುವುದು ಬೇಡ ಎನಿಸಿದರೆ ಸಾವನ್ನು ಪಣಕ್ಕೆ ಇಡಬೇಡಿ. ಇಟ್ಟ ಮೇಲೆ ಎಲ್ಲರೆದುರು ಹಾಕಿ, ಬಿದ್ದದ್ದನ್ನು ಒಪ್ಪಿಕೊಳ್ಳಿ. ಗುಟ್ಟಾಗಿಡಲೇಬೇಕಾದ ಸಂಗತಿಗಳಿಗೆ ಬೇರೆ ದಾರಿ ಇದೆ. ಉದಾಹರಣೆಗೆ, ಹೊಂಚು ಹಾಕಿದವರು ಪಾತ್ರದ ಕಣ್ಣಿಗೆ ಬಿದ್ದರೇ ಎಂದು ತಿಳಿಯಲು ಡಿ ಅಂಡ್ ಡಿಯಲ್ಲಿ ಪಾತ್ರದ ಗ್ರಹಿಕೆಯ ಅಂಕಕ್ಕೆ 10 ಕೂಡಿಸಿ ನೋಡಿದರೆ ಸಾಕು, ಆಟಗಾರರು ದಾಳ ಮುಟ್ಟುವುದೇ ಬೇಡ.

ಆಟ ಆಡಿಸಲು ಹೊರಟವರಿಗೆ ಒಂದು ಮಾತು. "ದಾಳ ಹಾಕಿ" ಎನ್ನುವ ಮೊದಲು ಗೆದ್ದರೆ ಏನು, ಸೋತರೆ ಏನು ಎಂದು ಎರಡನ್ನೂ ಜೋರಾಗಿ ಹೇಳಿ. ಸೋತರೆ ಏನಾಗುತ್ತದೆ ಎಂದು ಹೇಳಲು ನಿಮಗೇ ತೋಚದಿದ್ದರೆ, ಅಥವಾ "ಏನೂ ಆಗಲ್ಲ" ಎಂಬುದೇ ಉತ್ತರವಾದರೆ, ಪಾತ್ರ ಬಯಸಿದ್ದನ್ನು ಸುಮ್ಮನೆ ಆಗಗೊಟ್ಟು ಮುಂದೆ ಸಾಗಿ. ಶುರು ಮಾಡಲು ದುಬಾರಿ ಪುಸ್ತಕವಾಗಲಿ, ಇಪ್ಪತ್ತು ಮುಖದ ದಾಳವಾಗಲಿ ಕಡ್ಡಾಯವಲ್ಲ. ಡಿ ಅಂಡ್ ಡಿಯ ಮೂಲ ನಿಯಮಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 2ಡಿ6 ಬಳಸುವ ಆಟಗಳಿಗಂತೂ ಮನೆಯ ಲೂಡೋ ಡಬ್ಬಿಯ ಎರಡು ದಾಳ, ಒಂದು ಪೆನ್ಸಿಲ್, ಎರಡು ಗಂಟೆ ಬಿಡುವಿರುವ ಮೂರ್ನಾಲ್ಕು ಗೆಳೆಯರು ಸಾಕು.